ಸಂಬಳ ಕೈಸೇರುವ ಮೊದಲು: ಹೆಜಮಾಡಿ–ಮಣಿಪಾಲ ಸೀಮೆಯಲ್ಲಿ ತೆರಿಗೆ ಮುರಿತದ ಚರಿತ್ರೆ

ಆದಾಯ ತೆರಿಗೆಯನ್ನು ಹಣ ಕೊಡುವವರ ಕೈಯಲ್ಲೇ ಮುರಿದುಕೊಳ್ಳುವ ಪದ್ಧತಿ ಭಾರತದಲ್ಲಿ ಬೇರೂರಿದ್ದು ಸರಕಾರಿ ನೌಕರರ ಸಂಬಳದಲ್ಲಿ. ಅಲ್ಲಿಂದ ಅದು ನೂರು ಚಿಲ್ಲರೆ ವರ್ಷಗಳಲ್ಲಿ ಖಾಸಗಿ ಸಂಬಳಕ್ಕೆ, ಗುತ್ತಿಗೆಯ ಬಿಲ್ಲಿಗೆ, ವಿಮಾ ಕಮಿಷನ್ನಿಗೆ, ಬ್ಯಾಂಕಿನ ಬಡ್ಡಿಗೆ, ಕೊನೆಗೆ ಜಾಗದ ಮಾರಾಟಕ್ಕೂ ಹಬ್ಬಿತು. ಉಡುಪಿ ಜಿಲ್ಲೆಯ ತೆಂಕು ತುದಿಯಲ್ಲಿ, ಶಾಂಭವಿ ಹೊಳೆಯ ಬಡಗು ದಂಡೆಯಲ್ಲಿರುವ ಹೆಜಮಾಡಿಯಂಥ ಊರಿನಲ್ಲಿ ಈ ಹಬ್ಬುವಿಕೆಯ ಒಂದೊಂದು ಹಂತವೂ ಒಂದೊಂದು ಬಗೆಯ ಮನೆಯನ್ನು ಮುಟ್ಟಿದೆ. ಕೋಡಿಯಲ್ಲಿ ಮೀನುಗಾರರ ಮನೆಗಳು, ಒಳಭಾಗದಲ್ಲಿ ಗದ್ದೆ ಮತ್ತು ತೆಂಗಿನ ಹಿತ್ತಿಲು, ನಡುವೆ ರಾಷ್ಟ್ರೀಯ ಹೆದ್ದಾರಿ 66 ಮತ್ತು ಅದರ ಟೋಲ್ ಗೇಟ್. ಮುಂಬಯಿಗೆ, ಕೊಲ್ಲಿ ದೇಶಗಳಿಗೆ, ಹಡಗುಗಳಿಗೆ ದುಡಿಯಲು ಹೋದವರೂ, ಬ್ಯಾಂಕು ಮತ್ತು ಶಾಲೆಗಳಲ್ಲಿ ನೌಕರಿ ಹಿಡಿದವರೂ ಈ ಸೀಮೆಯ ಊರೂರಲ್ಲಿ ಇದ್ದಾರೆ.

ಕರಾವಳಿಗೆ ಬಹುಕಾಲ ಪರಿಚಯವಿದ್ದ ತೆರಿಗೆ ಎಂದರೆ ಭೂಮಿಯ ತೀರ್ವೆ. 1799ರಲ್ಲಿ ಟಿಪ್ಪು ಸುಲ್ತಾನರ ಪತನದ ಬಳಿಕ ಈ ಸೀಮೆಯೂ ಸೇರಿದ್ದ ಕೆನರಾ ಪ್ರಾಂತ ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ಮೊದಲ ಕಲೆಕ್ಟರ್ ಥಾಮಸ್ ಮನ್ರೋ ಇಲ್ಲಿದ್ದದ್ದು 1800ರವರೆಗೆ ಮಾತ್ರ. ಪಟೇಲರು ತೀರ್ವೆ ಎತ್ತುತ್ತಿದ್ದರು, ಶಾನುಭೋಗರು ಲೆಕ್ಕ ಬರೆಯುತ್ತಿದ್ದರು, ಬೆಳೆ ಬಂದ ಮೇಲೆ ಕಿಸ್ತಿನಲ್ಲಿ ಕಟ್ಟುವುದು ವಾಡಿಕೆ. ಹಣ ಮೊದಲು ಮನೆಗೆ ಬರುತ್ತಿತ್ತು, ಸರಕಾರದ ಪಾಲು ಆಮೇಲೆ ಹೋಗುತ್ತಿತ್ತು. ಮುರಿತದ ಪದ್ಧತಿ ತಲೆಕೆಳಗು ಮಾಡಿದ್ದು ಈ ಕ್ರಮವನ್ನೇ.

1857ರ ದಂಗೆಯ ಖರ್ಚಿನಿಂದ ಬರಿದಾದ ಬೊಕ್ಕಸವನ್ನು ತುಂಬಲು ವೈಸರಾಯ್ ಮಂಡಳಿಯ ಮೊದಲ ಹಣಕಾಸು ಸದಸ್ಯ ಜೇಮ್ಸ್ ವಿಲ್ಸನ್ 1860ರಲ್ಲಿ ಆದಾಯ ತೆರಿಗೆಯನ್ನು ತಂದರು. ವರ್ಷಕ್ಕೆ 200 ರೂಪಾಯಿಯಿಂದ 500 ರೂಪಾಯಿವರೆಗಿನ ಆದಾಯಕ್ಕೆ ನೂರಕ್ಕೆ 2, ಅದರ ಮೇಲೆ ನೂರಕ್ಕೆ 4. ಸಂಬಳ ಮತ್ತು ಪಿಂಚಣಿಗೆ ಕಾಯ್ದೆಯಲ್ಲಿ ಪ್ರತ್ಯೇಕ ಪಟ್ಟಿಯೇ ಇತ್ತು. ಕೆನರಾ ಆಗ ಮದರಾಸು ಆಧಿಪತ್ಯದಲ್ಲಿತ್ತು. ಉತ್ತರ ಮತ್ತು ದಕ್ಷಿಣ ಎಂದು ಒಡೆದದ್ದೂ ಅದೇ ಹೊತ್ತಿಗೆ. ಮದರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲಿಯನ್ ಈ ತೆರಿಗೆಯನ್ನು ಕಟುವಾಗಿ ವಿರೋಧಿಸಿ ತಮ್ಮ ಅಭಿಪ್ರಾಯವನ್ನು ಪತ್ರಿಕೆಗಳಲ್ಲಿ ಬಹಿರಂಗಪಡಿಸಿದರು, ಅದಕ್ಕಾಗಿ ಹುದ್ದೆಯನ್ನೇ ಕಳೆದುಕೊಂಡರು. ವಿಲ್ಸನ್ ಅದೇ ವರ್ಷದ ಆಗಸ್ಟಿನಲ್ಲಿ ಕಲಕತ್ತೆಯಲ್ಲಿ ತೀರಿಕೊಂಡರು. ಕಾಯ್ದೆ 1865ಕ್ಕೆ ಮುಗಿಯಿತು. ಆಮೇಲಿನ ಇಪ್ಪತ್ತು ವರ್ಷ ಲೈಸೆನ್ಸ್ ತೆರಿಗೆ, ಸರ್ಟಿಫಿಕೇಟ್ ತೆರಿಗೆ, ಮತ್ತೆ ಆದಾಯ ತೆರಿಗೆ, ಮತ್ತೆ ರದ್ದು ಎಂಬ ಹೊಯ್ದಾಟದಲ್ಲೇ ಕಳೆದವು.

ಗಟ್ಟಿಯಾಗಿ ನಿಂತದ್ದು 1886ರ ಕಾಯ್ದೆ. ಕೃಷಿ ಆದಾಯವನ್ನು ಅದು ಪೂರ್ತಿಯಾಗಿ ಹೊರಗಿಟ್ಟಿತು; ಉಳಿದದ್ದರಲ್ಲಿ ವರ್ಷಕ್ಕೆ 500 ರೂಪಾಯಿಗಿಂತ ಕಡಿಮೆ ಇದ್ದವರನ್ನು ಬಿಟ್ಟಿತು. ಸಂಬಳದಾರರಿಗೆ 2,000 ರೂಪಾಯಿಗಿಂತ ಕಡಿಮೆ ಇದ್ದರೆ ರೂಪಾಯಿಗೆ 4 ಪೈ, ಮೇಲಾದರೆ 5 ಪೈ. ಸರಕಾರಿ ನೌಕರರ ವಿಷಯದಲ್ಲಿ ಬಟವಾಡೆಯ ಹೊತ್ತಿಗೇ ತೆರಿಗೆ ಮುರಿಯಬೇಕಿತ್ತು. ತಿಂಗಳಿಗೆ 50 ರೂಪಾಯಿ ಪಡೆಯುವ ಗುಮಾಸ್ತರೊಬ್ಬರ ಲೆಕ್ಕ ಹೀಗೆ: 50 ರೂಪಾಯಿಗೆ 200 ಪೈ, ರೂಪಾಯಿಗೆ 192 ಪೈಗಳಾದ್ದರಿಂದ 1 ರೂಪಾಯಿ 8 ಪೈ ಮುರಿತ, ಕೈಗೆ ಬರುವುದು 48 ರೂಪಾಯಿ 15 ಆಣೆ 4 ಪೈ. ತಿಂಗಳಿಗೆ 40 ರೂಪಾಯಿಯವರಿಗೆ ವರ್ಷಕ್ಕೆ 480 ಆಗುವುದರಿಂದ ಮುರಿತವೇ ಇಲ್ಲ. ಜೀವವಿಮೆಯ ಕಂತಿಗೆ ಆದಾಯದ ಆರನೆಯ ಒಂದು ಪಾಲಿನವರೆಗೆ ವಿನಾಯಿತಿ ಇತ್ತು. ವರ್ಷದ ಕೊನೆಗೆ ವಿಮೆ ಮಾಡಿಸಿ ತೆರಿಗೆ ಉಳಿಸುವ ರೂಢಿಯ ಬೇರು ಇಷ್ಟು ಹಳೆಯದು.

ಆಗಿನ ಉಡುಪಿ ತಾಲೂಕಿನಲ್ಲಿ ಈ ಕಾಯ್ದೆ ಯಾರನ್ನು ತಾಗುತ್ತಿತ್ತು ಎಂಬುದನ್ನು ಗಮನಿಸಬೇಕು. ಮೂಲಗೇಣಿ (ಕಾಯಂ ಗೇಣಿ), ಚಾಲಗೇಣಿ (ವರ್ಷದ ಗೇಣಿ) ಆಗಿ ಬರುತ್ತಿದ್ದ ಅಕ್ಕಿ ಮುಡಿಗಳು ಎಷ್ಟೇ ಇದ್ದರೂ ಕೃಷಿ ಆದಾಯ. ಆದಾಯ ತೆರಿಗೆಗೆ ಹೊರಗು. ಮೀನುಗಾರರ ದಿನದ ಗಳಿಕೆ ಮಿತಿಯನ್ನು ಮುಟ್ಟುವಂಥದ್ದಲ್ಲ. ಸಿಕ್ಕಿಬೀಳುತ್ತಿದ್ದವರು ವರ್ತಕರು, ವಕೀಲರು, ಮತ್ತು ಖಜಾನೆಯಿಂದ ಸಂಬಳ ಪಡೆಯುತ್ತಿದ್ದ ಕೆಲವೇ ನೌಕರರು. ಇವರಲ್ಲಿ ವರ್ತಕರಿಗೂ ವಕೀಲರಿಗೂ ಅಧಿಕಾರಿಯ ಮುಂದೆ ವಾದಿಸಲು ಅವಕಾಶವಿತ್ತು. ನೌಕರರ ತೆರಿಗೆ ವಾದಕ್ಕೆ ಮೊದಲೇ ಹೋಗಿಬಿಡುತ್ತಿತ್ತು. ಸಂಬಳದಾರರೇ ತೆರಿಗೆಯ ಭಾರ ಹೊರುವವರು ಎಂಬ, ಇಂದಿಗೂ ಕೇಳಿಬರುವ ದೂರಿಗೆ ಆಗಲೇ ಆಧಾರವಿತ್ತು. ಅದನ್ನು ಬರೀ ಗೊಣಗಾಟವೆಂದು ತಳ್ಳಿಹಾಕುವುದು ನ್ಯಾಯವಲ್ಲ. ವಿನಾಯಿತಿ ಮಿತಿ 1903ರಲ್ಲಿ 1,000 ರೂಪಾಯಿಗೆ, 1919ರಲ್ಲಿ 2,000 ರೂಪಾಯಿಗೆ ಏರಿದಾಗ ಸಣ್ಣ ಗುಮಾಸ್ತರು ಇದರಿಂದ ಬಿಡುಗಡೆ ಪಡೆದರು.

ಅಷ್ಟರಲ್ಲಿ ಈ ಸೀಮೆಯಲ್ಲೇ ಹೊಸದೊಂದು ಸಂಬಳದ ವರ್ಗ ಹುಟ್ಟುತ್ತಿತ್ತು. 1906ರಲ್ಲಿ ಉಡುಪಿಯ ಹಾಜಿ ಅಬ್ದುಲ್ಲಾ ಸಾಹೇಬರು ಕಟ್ಟಿದ ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆಯಿತು. ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳ ಫಂಡ್ ಆರಂಭವಾಗಿ ಕೆನರಾ ಬ್ಯಾಂಕಾಗಿ ಬೆಳೆಯಿತು. 1925ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವರು ಸೇರಿ ಕಟ್ಟಿದ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್ (ಮುಂದಿನ ಸಿಂಡಿಕೇಟ್ ಬ್ಯಾಂಕ್) 1928ರಲ್ಲಿ ಪಿಗ್ಮಿ ಠೇವಣಿಯನ್ನು ತಂದಿತು. ದಿನಕ್ಕೆ ಎರಡು ಆಣೆ ಇದ್ದವರೂ ಮನೆಬಾಗಿಲಲ್ಲೇ ಉಳಿತಾಯ ಮಾಡಬಹುದಾಯಿತು. ಬ್ಯಾಂಕುಗಳು ಊರಿನ ಮಕ್ಕಳಿಗೆ ನೌಕರಿ ಕೊಟ್ಟವು, ಊರವರ ಹಣಕ್ಕೆ ಬಡ್ಡಿ ಕೊಟ್ಟವು. ಸಂಬಳ ಮತ್ತು ಬಡ್ಡಿ, ಈ ಎರಡೂ ಮುಂದೆ ಮುರಿತದ ಮುಖ್ಯ ನೆಲೆಗಳಾದವು.

1922ರ ಆದಾಯ ತೆರಿಗೆ ಕಾಯ್ದೆಯ 18ನೇ ಕಲಮು ಇಂದಿನ ಪದ್ಧತಿಯ ಬುನಾದಿ. ಸಂಬಳ ಕೊಡುವ ಯಾರೇ ಆಗಲಿ, ಕೊಡುವ ಹೊತ್ತಿಗೆ, ನೌಕರರ ಇಡೀ ವರ್ಷದ ಅಂದಾಜು ಸಂಬಳಕ್ಕೆ ಸಲ್ಲುವ ದರದಲ್ಲಿ ತೆರಿಗೆ ಮುರಿಯಬೇಕು. ಹಿಂದಿನ ತಿಂಗಳುಗಳಲ್ಲಿ ಹೆಚ್ಚೋ ಕಡಿಮೆಯೋ ಮುರಿದಿದ್ದರೆ ಮುಂದಿನ ಮುರಿತದಲ್ಲಿ ಸರಿದೂಗಿಸಬಹುದು. ಮುರಿತದ ಬಗ್ಗೆ ತಿಳಿಯಬೇಕಾದ ಮುಖ್ಯ ಸಂಗತಿ ಇದರಲ್ಲೇ ಇದೆ: ತಿಂಗಳ ಮುರಿತ ಎಂಬುದು ತೆರಿಗೆಯಲ್ಲ, ತೆರಿಗೆಯ ಅಂದಾಜಿನ ಒಂದು ಕಂತು. ಅಂದಾಜು ಬದಲಾದಾಗ ವ್ಯತ್ಯಾಸವೆಲ್ಲ ಉಳಿದ ತಿಂಗಳುಗಳ ಮೇಲೆ ಬೀಳುತ್ತದೆ. ವರ್ಷ ಮುಗಿಯುತ್ತ ಬಂದಷ್ಟೂ ಉಳಿದ ತಿಂಗಳು ಕಡಿಮೆ, ಬೀಳುವ ಭಾರ ಹೆಚ್ಚು. ಫೆಬ್ರವರಿ–ಮಾರ್ಚ್ ಸಂಬಳ ಸೊರಗುವುದಕ್ಕೆ ಇದೇ ಕಾರಣ.

1939ರ ತಿದ್ದುಪಡಿ ಲೆಕ್ಕದ ರೀತಿಯನ್ನು ಬದಲಿಸಿತು. ಅದುವರೆಗೆ ಆದಾಯ ಒಂದು ಮೆಟ್ಟಿಲು ದಾಟಿದರೆ ಇಡೀ ಆದಾಯಕ್ಕೇ ಹೆಚ್ಚಿನ ದರ ಬೀಳುತ್ತಿತ್ತು. ಆಮೇಲೆ ಮೀರಿದ ಭಾಗಕ್ಕೆ ಮಾತ್ರ ಹೆಚ್ಚಿನ ದರ, ಅಂದರೆ ಸ್ಲ್ಯಾಬ್ ಪದ್ಧತಿ. ಸಂಬಳ ಸ್ವಲ್ಪ ಏರಿದ್ದಕ್ಕೆ ಕೈಗೆ ಬರುವ ಹಣವೇ ಕಡಿಮೆಯಾಯಿತೆಂಬ ಹಳೆಯ ಭಯಕ್ಕೆ ಆಗಲೇ ಆಧಾರ ಹೋಯಿತು, ಭಯ ಮಾತ್ರ ಉಳಿದುಕೊಂಡಿದೆ. ಯುದ್ಧದ ಕಾಲದಲ್ಲಿ ಸರಕಾರಗಳಿಗೆ ಹಣದ ತುರ್ತು ಬಂದಾಗ ಅಮೆರಿಕ 1943ರಲ್ಲಿ, ಬ್ರಿಟನ್ 1944ರಲ್ಲಿ ಸಂಬಳದ ಮುರಿತವನ್ನು ವ್ಯಾಪಕವಾಗಿ ಜಾರಿಗೆ ತಂದವು. ಭಾರತದಲ್ಲಿ ಸಂಬಳದ ಮುರಿತ ಅದಾಗಲೇ ಹಳೆಯದು. 1944ರಲ್ಲಿ ಇಲ್ಲಿ ಹೊಸದಾಗಿ ಬಂದದ್ದು ಮುರಿತಕ್ಕೆ ಸಿಗದ ಆದಾಯಕ್ಕೆ ವರ್ಷದೊಳಗೇ ಕಂತು ಕಟ್ಟುವ ಮುಂಗಡ ತೆರಿಗೆ. ವ್ಯಾಪಾರಿಯೂ ವಕೀಲರೂ ಹೀಗೆ ನೌಕರರ ಸಾಲಿಗೆ ಸ್ವಲ್ಪ ಹತ್ತಿರ ಬಂದರು.

ಉಡುಪಿಯೂ ಆಗ ಸೇರಿದ್ದ ದಕ್ಷಿಣ ಕನ್ನಡ ಬ್ರಿಟಿಷ್ ಇಂಡಿಯಾದ ಜಿಲ್ಲೆಯಾದ್ದರಿಂದ ಈ ಕಾಯ್ದೆಗಳೆಲ್ಲ ನೇರವಾಗಿ ಅನ್ವಯಿಸಿದ್ದವು; ಘಟ್ಟದ ಮೇಲಿನ ಮೈಸೂರು ಸಂಸ್ಥಾನಕ್ಕೆ ತನ್ನದೇ ಕಾಯ್ದೆ ಇತ್ತು, ಅಲ್ಲಿಗೆ ಭಾರತದ ಆದಾಯ ತೆರಿಗೆ ಕಾಯ್ದೆ ವಿಸ್ತರಿಸಿದ್ದು 1950ರಲ್ಲಿ. 1956ರ ನವೆಂಬರ್ 1ರಂದು ಜಿಲ್ಲೆ ಮದರಾಸಿನಿಂದ ಮೈಸೂರು ರಾಜ್ಯಕ್ಕೆ ಸೇರಿದಾಗ ಆದಾಯ ತೆರಿಗೆಯ ಮಟ್ಟಿಗೆ ಏನೂ ಬದಲಾಗಲಿಲ್ಲ. 1961ರ ಕಾಯ್ದೆ 1962ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಹಳೆಯ 18ನೇ ಕಲಮಿನ ಸಂಬಳದ ಭಾಗ ಅದರಲ್ಲಿ 192ನೇ ಕಲಮಾಯಿತು: ವರ್ಷದ ಅಂದಾಜು ಸಂಬಳ, ಅದರ ತೆರಿಗೆ, ಅದರಿಂದ ಬರುವ ಸರಾಸರಿ ದರ, ಆ ದರದಲ್ಲಿ ತಿಂಗಳ ಮುರಿತ. ಸರಿದೂಗಿಸುವ ಅವಕಾಶವೂ ಹಾಗೆಯೇ ಉಳಿಯಿತು.

ಈ ಸೀಮೆಯಲ್ಲಿ ಸಂಬಳದ ಮುರಿತ ಮನೆಮಾತಾದದ್ದು 1960–70ರ ದಶಕಗಳಲ್ಲಿ. 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಆರಂಭವಾದ ಮೇಲೆ ಮಣಿಪಾಲದ ಗುಡ್ಡ ಸಂಬಳದಾರರ ಊರಾಗಿ ಬೆಳೆಯಿತು. ಸಿಂಡಿಕೇಟ್ ಬ್ಯಾಂಕಿನ ಕೇಂದ್ರ ಕಚೇರಿಯೂ ಅಲ್ಲೇ ಇತ್ತು. 1969ರ ಜುಲೈ 19ರಂದು ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳು, 1980ರ ಏಪ್ರಿಲ್ 15ರಂದು ಕಾರ್ಪೊರೇಶನ್ ಮತ್ತು ವಿಜಯಾ ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ಆ ನಡುವಿನ ಕಾಲ ತೆರಿಗೆ ದರಗಳು ಅತಿ ಎತ್ತರಕ್ಕೇರಿದ ಕಾಲವೂ ಹೌದು; 1973–74ರಲ್ಲಿ ಅತ್ಯುನ್ನತ ದರ ಸರ್ಚಾರ್ಜು ಸೇರಿ ನೂರಕ್ಕೆ 97.75 ಆಗಿತ್ತು. ಬ್ಯಾಂಕಿನ ಗುಮಾಸ್ತರು ಆ ದರದ ಹತ್ತಿರಕ್ಕೂ ಹೋಗುವವರಲ್ಲ. ಅವರನ್ನು ತಟ್ಟಿದ್ದು 1974ರ ಕಡ್ಡಾಯ ಠೇವಣಿ. ಬೆಲೆಯೇರಿಕೆ ತಡೆಯಲೆಂದು ಆ ಜುಲೈಯಲ್ಲಿ ಬಂದ ಸುಗ್ರೀವಾಜ್ಞೆಯಂತೆ ಹೆಚ್ಚುವರಿ ತುಟ್ಟಿಭತ್ಯದ ಅರ್ಧ, ಹೆಚ್ಚುವರಿ ವೇತನದ ಪೂರ್ತಿ ಭಾಗ ನೌಕರರ ಕೈಗೆ ಬಾರದೆ ಠೇವಣಿಗೆ ಹೋಗುತ್ತಿತ್ತು; ಮುಂದೆ ಬಡ್ಡಿ ಸೇರಿಸಿ ಕಂತುಗಳಲ್ಲಿ ಮರಳಿಸುವ ಏರ್ಪಾಡು. ತೆರಿಗೆಯಲ್ಲದ ಹಣವನ್ನೂ ಸಂಬಳದಲ್ಲೇ ಹಿಡಿದಿಡಬಹುದು ಎಂಬುದು ಆಗ ಗೊತ್ತಾಯಿತು. ಅದೇ ವರ್ಷದ ಹಣಕಾಸು ಕಾಯ್ದೆ ಸಂಬಳದಾರರಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ರಶೀದಿ ಕೇಳದೆ ಸಂಬಳದಿಂದ ಕಳೆಯುವ ಮೊತ್ತವನ್ನು, ತಂದಿತು. ಮೊದಲಿಗೆ ಅದರ ಗರಿಷ್ಠ ಮಿತಿ 3,500 ರೂಪಾಯಿ. 1976ರ ಕರ್ನಾಟಕದ ಕಾಯ್ದೆಯಿಂದ ವೃತ್ತಿ ತೆರಿಗೆಯ ಮುರಿತವೂ ಸಂಬಳದ ಚೀಟಿಯಲ್ಲಿ ಒಂದು ಸಾಲಾಯಿತು.

ಮುರಿತವನ್ನು ತಗ್ಗಿಸುವ ದಾರಿಗಳೂ ಇದರ ಜತೆಗೇ ಬೆಳೆದವು. ಜೀವವಿಮೆ, ಭವಿಷ್ಯ ನಿಧಿ, 1968ರಲ್ಲಿ ಬಂದ ಸಾರ್ವಜನಿಕ ಭವಿಷ್ಯ ನಿಧಿ (ಪಿಪಿಎಫ್), ಅಂಚೆ ಕಚೇರಿಯ ಉಳಿತಾಯ ಪತ್ರ, ಇವೆಲ್ಲ ಒಂದಲ್ಲ ಒಂದು ಕಲಮಿನಡಿ ರಿಯಾಯಿತಿ ತಂದವು: ಮೊದಲು ಹಳೆಯ 80ಸಿ, 1990ರ ಬಳಿಕ 88, 2005ರಿಂದ ಮತ್ತೆ 80ಸಿ. ಈ ಕೊನೆಯದರ ಮಿತಿ 1 ಲಕ್ಷ ಇದ್ದದ್ದು 2014ರಲ್ಲಿ ಒಂದೂವರೆ ಲಕ್ಷವಾಯಿತು. ವರ್ಷದ ಆರಂಭದಲ್ಲಿ ಕಚೇರಿಗೆ ಘೋಷಣೆ ಕೊಡುವುದು, ಜನವರಿಯ ಹೊತ್ತಿಗೆ ರಶೀದಿ ಒಪ್ಪಿಸುವುದು ಪದ್ಧತಿಯಾಯಿತು. 2016ರ ಜೂನ್‌ನಿಂದ ಅದಕ್ಕೆ 12ಬಿಬಿ ಎಂಬ ನಮೂನೆ ನಿಗದಿಯಾಯಿತು. ರಶೀದಿ ಬಾರದಿದ್ದರೆ ಕಚೇರಿ ಘೋಷಣೆಯನ್ನು ಕೈಬಿಟ್ಟು ಲೆಕ್ಕ ತಿರುಗಿಸುತ್ತದೆ, ಹತ್ತು ತಿಂಗಳಲ್ಲಿ ಮುರಿಯದ್ದನ್ನು ಎರಡು ತಿಂಗಳಲ್ಲಿ ಮುರಿಯುತ್ತದೆ. ಅದನ್ನು ತಪ್ಪಿಸಲು ಮಾರ್ಚಿನ ಗಡಿಬಿಡಿಯಲ್ಲಿ ಕೊಂಡ ಪಾಲಿಸಿಗಳು ಎಷ್ಟೋ ಮನೆಗಳಲ್ಲಿ ಇಪ್ಪತ್ತು ವರ್ಷ ಕಂತು ಕಟ್ಟುವ ಹೊರೆಯಾದದ್ದುಂಟು. ಏಪ್ರಿಲಿನಲ್ಲಿ ಯೋಚಿಸಿ ಮಾಡಿದ ಉಳಿತಾಯಕ್ಕೂ ಇದಕ್ಕೂ ತೆರಿಗೆಯ ಲೆಕ್ಕದಲ್ಲಿ ಒಂದೇ ಬೆಲೆ, ಬದುಕಿನ ಲೆಕ್ಕದಲ್ಲಿ ಅಲ್ಲ.

ಬಡ್ಡಿಯ ಮುರಿತದ ಕಥೆ ಬ್ಯಾಂಕುಗಳ ತವರಾದ ಈ ಜಿಲ್ಲೆಗೆ ಹೆಚ್ಚು ಹತ್ತಿರದ್ದು. ಸಾಲಪತ್ರಗಳ ಬಡ್ಡಿಗೆ ಮುರಿತ ಮೊದಲಿನಿಂದ ಇತ್ತು, ಇತರ ಬಡ್ಡಿಗೆ 1967ರಲ್ಲಿ 194ಎ ಬಂತು. ಬ್ಯಾಂಕಿನ ನಿಶ್ಚಿತ ಠೇವಣಿ ಮಾತ್ರ ಹೊರಗಿತ್ತು. 1991ರ ಅಕ್ಟೋಬರಿನಲ್ಲಿ ಅದನ್ನೂ ಸೇರಿಸಿದರು, 1992ರಲ್ಲಿ ಕೈಬಿಟ್ಟರು, 1995ರ ಜುಲೈ 1ರಿಂದ ಮತ್ತೆ ಹೇರಿದರು. ವರ್ಷಕ್ಕೆ 10,000 ರೂಪಾಯಿ ಮೀರಿದ ಬಡ್ಡಿಗೆ ಮುರಿತ. ಆದರೆ ಮಿತಿಯ ಲೆಕ್ಕ ಶಾಖೆಯೊಂದಕ್ಕೆ. ನಿವೃತ್ತಿಯ ಹಣವನ್ನು ಒಂದು ಊರಿನ ಶಾಖೆಯಲ್ಲಿ ಒಂದಿಷ್ಟು, ಪಕ್ಕದೂರಿನ ಶಾಖೆಯಲ್ಲಿ ಒಂದಿಷ್ಟು ಇಡುವ ಉಪಾಯ ಇದರಿಂದ ಹುಟ್ಟಿತು. ಹೆದ್ದಾರಿಯುದ್ದಕ್ಕೂ ನಾಲ್ಕು ಹೆಜ್ಜೆಗೊಂದು ಬ್ಯಾಂಕ್ ಇರುವ ಕರಾವಳಿಯಲ್ಲಿ ಅದು ಕಷ್ಟದ ಕೆಲಸವೂ ಅಲ್ಲ. ಮುರಿತ ತಪ್ಪಿದ ಮಾತ್ರಕ್ಕೆ ತೆರಿಗೆ ತಪ್ಪುವುದಿಲ್ಲ ಎಂಬುದನ್ನು ಮಾತ್ರ ಬಹಳ ಮಂದಿ ಮರೆತರು. ಬಡ್ಡಿಯನ್ನು ರಿಟರ್ನಿನಲ್ಲಿ ತೋರಿಸುವ ಹೊಣೆ ಹಾಗೆಯೇ ಇತ್ತು. 2015ರ ಜೂನ್ 1ರಿಂದ ಗಣಕೀಕೃತ ಬ್ಯಾಂಕುಗಳಲ್ಲಿ ಎಲ್ಲ ಶಾಖೆಗಳ ಬಡ್ಡಿಯನ್ನೂ ಒಟ್ಟು ಸೇರಿಸುವ ನಿಯಮ ಬಂದು ಈ ಉಪಾಯ ಮುಗಿಯಿತು. ಆವರ್ತಕ ಠೇವಣಿಯೂ, ಸಹಕಾರಿ ಬ್ಯಾಂಕು ತನ್ನ ಸದಸ್ಯರಿಗೆ ಕೊಡುವ ಬಡ್ಡಿಯೂ ಅಂದೇ ಮುರಿತಕ್ಕೆ ಒಳಪಟ್ಟವು.

ಮಿತಿ 2019ರಲ್ಲಿ 40,000 ರೂಪಾಯಿಗೆ, 2025ರ ಏಪ್ರಿಲಿನಿಂದ 50,000ಕ್ಕೆ ಏರಿತು. ಅರುವತ್ತು ದಾಟಿದವರಿಗೆ 2018ರಲ್ಲಿ 50,000 ಇದ್ದದ್ದು 2025ರಲ್ಲಿ 1 ಲಕ್ಷವಾಯಿತು. 1961ರ ಕಾಯ್ದೆಯಡಿ ತೆರಿಗೆ ಬೀಳದವರು 15ಜಿ ನಮೂನೆಯನ್ನು, ಹಿರಿಯರು 15ಎಚ್ ನಮೂನೆಯನ್ನು ಬ್ಯಾಂಕಿಗೆ ಕೊಡುತ್ತ ಬಂದರು. ಏಪ್ರಿಲ್ ಮೊದಲ ವಾರ ಶಾಖೆಗಳ ಮುಂದೆ ಹಿರಿಯರು ಸಾಲುಗಟ್ಟುವುದು ಇದಕ್ಕೇ. ಪ್ರತಿವರ್ಷ ಹೊಸದಾಗಿ ಕೊಡಬೇಕು; ತಡವಾದರೆ ಅಷ್ಟರಲ್ಲಿ ಮುರಿದದ್ದನ್ನು ಬ್ಯಾಂಕು ಮರಳಿಸುವುದಿಲ್ಲ, ರಿಟರ್ನ್ ಸಲ್ಲಿಸಿಯೇ ಪಡೆಯಬೇಕು. ಪ್ಯಾನ್ ಕೊಡದಿದ್ದರೆ 2010ರಿಂದ ನೂರಕ್ಕೆ 20ರ ಮುರಿತ. ಕರಾವಳಿಯ ಎರಡು ಬ್ಯಾಂಕುಗಳು, ಅಂದರೆ ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿನೊಳಗೆ, 2020ರ ಏಪ್ರಿಲ್ 1ರಂದು ವಿಲೀನಗೊಂಡಾಗ ವಿಲೀನವಾದ ಬ್ಯಾಂಕಿನಲ್ಲೂ ಅದನ್ನು ಸೇರಿಸಿಕೊಂಡ ಬ್ಯಾಂಕಿನಲ್ಲೂ ಠೇವಣಿ ಇಟ್ಟಿದ್ದವರ ಬಡ್ಡಿ ಒಂದೇ ಬ್ಯಾಂಕಿನ ಲೆಕ್ಕಕ್ಕೆ ಬಂತು. ಹಿಂದೆ ಮುರಿತವಿಲ್ಲದವರಿಗೂ ಹೀಗೆ ಮುರಿತ ಆರಂಭವಾಗಲು ಅವಕಾಶವಾಯಿತು.

ಸಂಬಳವೂ ಠೇವಣಿಯೂ ಇಲ್ಲದವರನ್ನು ಮುಟ್ಟಿದ್ದು ಇತರ ಕಲಮುಗಳು. ಗುತ್ತಿಗೆದಾರರ ಬಿಲ್ಲಿಗೆ 1972ರಿಂದ, ವಿಮಾ ಏಜೆಂಟರ ಕಮಿಷನ್ನಿಗೆ 1973ರಿಂದ, ಬಾಡಿಗೆಗೆ 1994ರಿಂದ, ವೃತ್ತಿಪರರ ಶುಲ್ಕಕ್ಕೆ 1995ರಿಂದ ಮುರಿತ ಬಂತು. 2019ರ ಸೆಪ್ಟೆಂಬರಿನಿಂದ ಬ್ಯಾಂಕಿನಿಂದ ವರ್ಷಕ್ಕೆ ಒಂದು ಕೋಟಿ ಮೀರಿ ನಗದು ತೆಗೆದರೆ ನೂರಕ್ಕೆ 2 ಮುರಿಯುವ ನಿಯಮ ಬಂತು. ಇದು ಆದಾಯದ ಮೇಲಿನದಲ್ಲ, ನಗದಿನ ಮೇಲಿನದು. ದಿನದ ಕೊಡುಕೊಳ್ಳುವಿಕೆ ನಗದಿನಲ್ಲೇ ನಡೆಯುವ ಮೀನಿನ ವ್ಯಾಪಾರದಂಥ ಕಸುಬಿನಲ್ಲಿ ಲಾಭ ಎಷ್ಟೆಂದು ನೋಡದೆ ಮುರಿತವಾಗುತ್ತದೆ. ಹೆದ್ದಾರಿ ಬದಿಯ ಊರುಗಳಿಗೆ ಇನ್ನೊಂದು ಅನುಭವ ಭೂಸ್ವಾಧೀನದ್ದು. ಕಡ್ಡಾಯ ಸ್ವಾಧೀನದ ಪರಿಹಾರದಲ್ಲಿ, ಕೃಷಿಭೂಮಿ ಬಿಟ್ಟು, 2004ರಿಂದ ಮುರಿತ ಇತ್ತು. 2013ರ ಭೂಸ್ವಾಧೀನ ಕಾಯ್ದೆ ತನ್ನಡಿಯ ಪರಿಹಾರಕ್ಕೆ ಆದಾಯ ತೆರಿಗೆಯಿಂದ ವಿನಾಯಿತಿ ಕೊಟ್ಟಿತು. ಅದು ಕೃಷಿಯೇತರ ಭೂಮಿಗೂ ಸಲ್ಲುತ್ತದೆಂದು ನೇರ ತೆರಿಗೆ ಮಂಡಳಿ 2016ರ ಅಕ್ಟೋಬರಿನಲ್ಲಿ ಸುತ್ತೋಲೆ ಹೊರಡಿಸಿತು. ಆದ್ದರಿಂದ ಪರಿಹಾರ ಯಾವ ವರ್ಷ, ಯಾವ ಕಾಯ್ದೆಯಡಿ ತೀರ್ಮಾನವಾಯಿತು ಎಂಬುದರ ಮೇಲೆ ಮುರಿತದ ಮಾತು ನಿಂತಿದೆ.

ಪರದೇಶಕ್ಕೆ ಹೋದವರ ಮನೆಗಳಲ್ಲಿ ಪ್ರಶ್ನೆ ಬೇರೆ. ಕೊಲ್ಲಿಯಲ್ಲಿ ದುಡಿಯುವ ಅನಿವಾಸಿಯ ಅಲ್ಲಿನ ಸಂಬಳಕ್ಕೆ ಇಲ್ಲಿ ತೆರಿಗೆ ಇಲ್ಲ, ಅದನ್ನು ತಂದಿಡುವ ಎನ್‌ಆರ್‌ಇ ಖಾತೆಯ ಬಡ್ಡಿಗೂ ಇಲ್ಲ. ಎನ್‌ಆರ್‌ಒ ಖಾತೆಯ, ಅಂದರೆ ಇಲ್ಲಿನ ಗಳಿಕೆ ಇಡುವ ಖಾತೆಯ, ಬಡ್ಡಿಗೆ ಮಾತ್ರ ನೂರಕ್ಕೆ 30ರ ಮುರಿತ, ಮೇಲೆ ಸೆಸ್. ಯಾವ ಹಣ ಯಾವ ಖಾತೆಗೆ ಹೋಗಬೇಕು ಎಂಬುದನ್ನು ಕಳಿಸುವ ಮೊದಲೇ ತೀರ್ಮಾನಿಸುವುದು ಇಲ್ಲಿ ಮುಖ್ಯ ಯೋಜನೆ. ಹಿರಿಯರ ಜಾಗ ಮಾರುವಾಗಲೂ ಹೀಗೆಯೇ. ಮಾರುವವರು ಊರವರಾದರೆ 50 ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟ ವ್ಯವಹಾರಕ್ಕೆ ಕೊಳ್ಳುವವರು ನೂರಕ್ಕೆ 1 ಮುರಿದರೆ ಸಾಕು. 2013ರ ಜೂನ್‌ನಿಂದ ಇದು ಜಾರಿಯಲ್ಲಿದೆ. ಮಾರುವವರು ಅನಿವಾಸಿಯಾದರೆ ಬೇರೆ ನಿಯಮ (1961ರ ಕಾಯ್ದೆಯಲ್ಲಿ 195ನೇ ಕಲಮು) ಅನ್ವಯಿಸುತ್ತದೆ. ಅದಕ್ಕೆ 50 ಲಕ್ಷದ ಮಿತಿ ಇಲ್ಲ, ದರವೂ ಹೆಚ್ಚು. ಲಾಭ ಸ್ವಲ್ಪವೇ ಇದ್ದರೂ ಮಾರಾಟದ ಪೂರ್ತಿ ಮೊತ್ತದ ಮೇಲೆ ಮುರಿತ ಬೀಳುವುದನ್ನು ತಪ್ಪಿಸಲು ಅಧಿಕಾರಿಯಿಂದ ಕಡಿಮೆ ದರದ ಪ್ರಮಾಣಪತ್ರ ಪಡೆಯುವ ದಾರಿ ಇದೆ, ಆದರೆ ಅದನ್ನು ಹಣ ಕೈಬದಲಾಗುವ ಮೊದಲು ಪಡೆದಿರಬೇಕು. ರಜೆಯಲ್ಲಿ ಬಂದು ವಾರದೊಳಗೆ ನೋಂದಣಿ ಮುಗಿಸಿ ಹೊರಡುವವರಿಗೆ ಇದಕ್ಕೆ ವ್ಯವಧಾನವೇ ಇರುವುದಿಲ್ಲ.

ಮುರಿದ ಹಣ ನಿಜವಾಗಿ ಸರಕಾರಕ್ಕೆ ತಲುಪಿತೇ ಎಂದು ನೌಕರರು ತಾವೇ ನೋಡಬಹುದಾದದ್ದು ಇತ್ತೀಚೆಗೆ. ಬಹುಕಾಲ ಅವರ ಕೈಯಲ್ಲಿದ್ದದ್ದು ಕಚೇರಿ ಕೊಡುವ ಫಾರ್ಮ್ 16 ಎಂಬ ಕಾಗದ ಒಂದೇ. ಮುರಿಯುವವರಿಗೆ ಟ್ಯಾನ್ ಸಂಖ್ಯೆ 1987ರಿಂದ ಬಂತು, ಇಂದಿನ ರೂಪದ ಪ್ಯಾನ್ 1995ರಿಂದ. ಬ್ಯಾಂಕಿಗೆ ಕಟ್ಟಿದ ಚಲನ್ನು 2004ರಿಂದ ಗಣಕಜಾಲದಲ್ಲಿ ದಾಖಲಾಗತೊಡಗಿತು, ಆಮೇಲೆ 26ಎಎಸ್ ಎಂಬ ವಾರ್ಷಿಕ ವಿವರ ಬಂತು. ರಿಟರ್ನುಗಳ ಪರಿಶೀಲನೆಗೆ 2009ರಲ್ಲಿ ಬೆಂಗಳೂರಿನಲ್ಲಿ ಕೇಂದ್ರ ಆರಂಭವಾಯಿತು. ಫಾರ್ಮ್ 16ರಲ್ಲಿ ಇದ್ದ ಮೊತ್ತ 26ಎಎಸ್‌ನಲ್ಲಿ ಇಲ್ಲದಿದ್ದರೆ ಕಚೇರಿ ಕಟ್ಟಿಲ್ಲ ಅಥವಾ ಪ್ಯಾನ್ ತಪ್ಪಾಗಿ ಬರೆದಿದೆ ಎಂದು ತಿಳಿಯಬಹುದಾಯಿತು. ಕಚೇರಿಗಳ ಮೇಲಿನ ಬಿಗಿಯೂ ಹೆಚ್ಚಿತು: ಮುರಿದದ್ದನ್ನು ಮರುತಿಂಗಳ 7ನೇ ತಾರೀಖಿನೊಳಗೆ, ಮಾರ್ಚಿನದನ್ನು ಏಪ್ರಿಲ್ 30ರೊಳಗೆ ಕಟ್ಟಬೇಕು; ತ್ರೈಮಾಸಿಕ ವಿವರ ತಡವಾದರೆ 2012ರ ಜುಲೈಯಿಂದ ದಿನಕ್ಕೆ 200 ರೂಪಾಯಿ ಶುಲ್ಕ. ಇದನ್ನು ವಿವರಗಳ ಪರಿಶೀಲನೆಯಲ್ಲೇ ವಸೂಲು ಮಾಡುವ ಅಧಿಕಾರ ಬಂದದ್ದು 2015ರ ಜೂನ್ 1ರಿಂದ ಮಾತ್ರ, ಅದಕ್ಕೆ ಹಿಂದಿನ ಅವಧಿಗೆ ಹಾಗೆ ಕೇಳುವಂತಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2016ರಲ್ಲಿ ತೀರ್ಪು ಕೊಟ್ಟಿತು. ಸಣ್ಣ ಶಾಲೆ, ಸಣ್ಣ ಸೊಸೈಟಿಗಳ ಲೆಕ್ಕ ಬರೆಯುವವರಿಗೆ ಇದು ದೊಡ್ಡ ಸಮಾಧಾನ ತಂದ ತೀರ್ಪು.

2020ರ ಬಜೆಟ್ ವಿನಾಯಿತಿಗಳಿಲ್ಲದ, ದರ ಕಡಿಮೆಯಿರುವ ಹೊಸ ಪದ್ಧತಿಯನ್ನು ತಂದಿತು. 2023–24ರಿಂದ ನೌಕರರು ಬೇಡವೆನ್ನದ ಹೊರತು ಕಚೇರಿ ಅದರಂತೆಯೇ ಮುರಿಯುತ್ತದೆ. ಹಳೆಯ ಪದ್ಧತಿ ಬೇಕಾದವರು ವರ್ಷದ ಆರಂಭದಲ್ಲೇ ತಿಳಿಸಬೇಕು. 2025–26ರಲ್ಲಿ ಹೊಸ ಪದ್ಧತಿಯ ದರ 4 ಲಕ್ಷದವರೆಗೆ ಸೊನ್ನೆ, ಅಲ್ಲಿಂದ ಪ್ರತಿ 4 ಲಕ್ಷಕ್ಕೆ ನೂರಕ್ಕೆ 5, 10, 15, 20, 25 ಎಂದು ಏರಿ, 24 ಲಕ್ಷದ ಮೇಲೆ 30. ಸ್ಟ್ಯಾಂಡರ್ಡ್ ಡಿಡಕ್ಷನ್ 75,000. ಅದನ್ನು ಕಳೆದು 12 ಲಕ್ಷದೊಳಗಿದ್ದರೆ ರಿಯಾಯಿತಿಯಿಂದ ತೆರಿಗೆಯೇ ಇಲ್ಲ. ಮಣಿಪಾಲದಲ್ಲಿ ವರ್ಷಕ್ಕೆ 15 ಲಕ್ಷ ಸಂಬಳದ ಒಬ್ಬರ ಲೆಕ್ಕ ನೋಡಬಹುದು. ತೆರಿಗೆ ಬೀಳುವುದು 14,25,000 ರೂಪಾಯಿಗೆ: ಎರಡನೆಯ ನಾಲ್ಕು ಲಕ್ಷಕ್ಕೆ 20,000, ಮೂರನೆಯದಕ್ಕೆ 40,000, ಉಳಿದ 2,25,000ಕ್ಕೆ 33,750, ಒಟ್ಟು 93,750. ನೂರಕ್ಕೆ 4ರ ಸೆಸ್ ಸೇರಿ 97,500, ತಿಂಗಳಿಗೆ 8,125. ಜನವರಿಯಲ್ಲಿ ಇವರಿಗೆ 1,20,000 ರೂಪಾಯಿ ಅರಿಯರ್ಸ್ ಬಂತೆನ್ನಿ. ವರ್ಷದ ತೆರಿಗೆ 1,16,220ಕ್ಕೆ ಏರುತ್ತದೆ. ಒಂಬತ್ತು ತಿಂಗಳಲ್ಲಿ ಮುರಿದದ್ದು 73,125. ಉಳಿದ 43,095 ಮೂರೇ ತಿಂಗಳಲ್ಲಿ ಮುರಿಯಬೇಕು, ತಿಂಗಳಿಗೆ 14,365. ಹಿಂದಿನ ವರ್ಷಗಳಿಗೆ ಸೇರಿದ ಅರಿಯರ್ಸ್ ಆದರೆ 89ನೇ ಕಲಮಿನ ಪರಿಹಾರ ಕೇಳಬಹುದು.

ಸರಕಾರವೇ ವರ್ಷದ ನಡುವೆ ಅಂದಾಜು ಬದಲಿಸುವುದೂ ಉಂಟು. ಲೋಕಸಭಾ ಚುನಾವಣೆಯ ವರ್ಷಗಳಲ್ಲಿ ಪೂರ್ಣ ಬಜೆಟ್ ಜುಲೈಯಲ್ಲಿ ಬರುತ್ತದೆ, ದರ ಏಪ್ರಿಲಿನಿಂದಲೇ ಲೆಕ್ಕಕ್ಕೆ. 2014ರ ಜುಲೈಯಲ್ಲಿ ವಿನಾಯಿತಿ ಮಿತಿ 2 ಲಕ್ಷದಿಂದ ಎರಡೂವರೆ ಲಕ್ಷಕ್ಕೆ ಏರಿತು. 2024ರ ಜುಲೈ 23ರ ಬಜೆಟ್ಟಿನಲ್ಲಿ ಹೊಸ ಪದ್ಧತಿಯ ಸ್ಟ್ಯಾಂಡರ್ಡ್ ಡಿಡಕ್ಷನ್ 50,000ದಿಂದ 75,000ಕ್ಕೆ ಏರಿತು. ಅಷ್ಟರಲ್ಲಿ ಹೆಚ್ಚಾಗಿ ಮುರಿದದ್ದನ್ನು ಕಚೇರಿಗಳು ಮುಂದಿನ ತಿಂಗಳುಗಳ ಮುರಿತ ತಗ್ಗಿಸಿ ಸರಿದೂಗಿಸಿದವು. 1922ರ ಕಾಯ್ದೆ ಕೊಟ್ಟ ಅವಕಾಶ ಅದು. 2020ರ ಕೋವಿಡ್ ಕಾಲದಲ್ಲಿ ಬಾಡಿಗೆ, ಬಡ್ಡಿ, ಕಮಿಷನ್ ಮುಂತಾದವುಗಳ ಮುರಿತವನ್ನು ಮೇ 14ರಿಂದ 2021ರ ಮಾರ್ಚ್ ಕೊನೆಯವರೆಗೆ ಕಾಲುಭಾಗ ಇಳಿಸಿದರೂ ಸಂಬಳಕ್ಕೆ ಆ ಇಳಿಕೆ ಇರಲಿಲ್ಲ. ಬೇರೆಯವರಿಗೂ ಅಂದು ತೆರಿಗೆಯೇನೂ ಕಡಿಮೆಯಾಗಲಿಲ್ಲ, ಕಟ್ಟುವ ಹೊತ್ತು ಮುಂದೆ ಹೋಯಿತು ಅಷ್ಟೆ.

ಬಡ್ಡಿ, ಬಾಡಿಗೆಯ ಆದಾಯವುಳ್ಳ ನೌಕರರು ಅದನ್ನು ಕಚೇರಿಗೆ ತಿಳಿಸಿದರೆ ಅದರ ತೆರಿಗೆಯೂ ಸಂಬಳದಲ್ಲೇ ಮುರಿಯುತ್ತದೆ. ತಿಳಿಸದೆ ಉಳಿದು ವರ್ಷದ ಬಾಕಿ ತೆರಿಗೆ 10,000 ರೂಪಾಯಿ ಅಥವಾ ಹೆಚ್ಚಾದರೆ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ 15ರ ಒಳಗೆ ಮುಂಗಡ ಕಂತು ಕಟ್ಟಬೇಕು, ತಪ್ಪಿದರೆ ಬಡ್ಡಿ ಬೀಳುತ್ತದೆ. ವ್ಯಾಪಾರದ ಆದಾಯವಿಲ್ಲದ ಅರುವತ್ತು ದಾಟಿದವರಿಗೆ ಈ ಕಂತಿನಿಂದ ಬಿಡುಗಡೆ ಇದೆ.

1961ರ ಕಾಯ್ದೆಯ ಜಾಗಕ್ಕೆ ಬಂದ ಆದಾಯ ತೆರಿಗೆ ಕಾಯ್ದೆ 2025ಕ್ಕೆ ಅದೇ ವರ್ಷದ ಆಗಸ್ಟ್ 21ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಜಾರಿ 2026ರ ಏಪ್ರಿಲ್ 1ರಿಂದ. ಚದುರಿಹೋಗಿದ್ದ ಮುರಿತದ ಕಲಮುಗಳನ್ನು ಅದು ಎರಡೇ ಕಲಮುಗಳಲ್ಲಿ ಒಟ್ಟುಗೂಡಿಸಿದೆ: ಸಂಬಳಕ್ಕೆ 392, ಉಳಿದ ಬಹುತೇಕ ಎಲ್ಲಕ್ಕೂ 393. ಗಳಿಸಿದ ವರ್ಷ ಒಂದು, ತೆರಿಗೆ ನಿರ್ಧರಣೆಯ ವರ್ಷ ಇನ್ನೊಂದು ಎಂಬ ಗೊಂದಲ ಹೋಗಿ ತೆರಿಗೆ ವರ್ಷ ಎಂಬ ಒಂದೇ ಎಣಿಕೆ ಬಂದಿದೆ. ವರ್ಷದ ಸಂಬಳವನ್ನು ಅಂದಾಜು ಮಾಡಿ ಸರಾಸರಿ ದರದಲ್ಲಿ ಮುರಿಯುವ ಕ್ರಮ ಮಾತ್ರ ಹಾಗೆಯೇ ಇದೆ. 2026ರ ಮಾರ್ಚ್‌ವರೆಗಿನ ಸಂಬಳದ ಪ್ರಮಾಣಪತ್ರ, ರಿಟರ್ನ್, ತಕರಾರುಗಳು ಹಳೆಯ ಕಾಯ್ದೆಯಂತೆ ನಡೆಯುತ್ತವೆ. ಆ ಏಪ್ರಿಲ್ ಸಂಬಳದಿಂದ ಮುಂದಿನ ಮುರಿತ ಹೊಸ ಕಾಯ್ದೆಯಂತೆ.